ಅಣ್ಣಯ್ಯನ ಕಟ್ಟ, ನನ್ನ ಅರ್ಜಿ

ನನ್ನ ತವರು ಘಟ್ಟದ ಮೇಲೆ, ಮೈಸೂರು ಸಂಸ್ಥಾನದಲ್ಲಿ. ಮದುವೆಯಾಗಿ ಬಂದದ್ದು ಘಟ್ಟದ ಬುಡಕ್ಕೆ, ಬೈಂದೂರಿನಿಂದ ಗಾಡಿಯಲ್ಲಿ ಅರ್ಧ ದಿನದಷ್ಟು ಒಳಗಿರುವ ಊರಿಗೆ. ಅದು ಆಗ ಮದ್ರಾಸು ಪ್ರಾಂತ್ಯ. ಕಾಲುದಾರಿ ಹಿಡಿದರೆ ಎರಡು ಮನೆಗಳ ನಡುವೆ ಮೂರು ಗಂಟೆಯ ನಡಿಗೆ. ತವರಿನ ಗದ್ದೆಯ ಅಂಚಿನಲ್ಲಿ ಹರಿದ ಹೊಳೆಯೇ ಘಟ್ಟ ಇಳಿದು ಗಂಡನ ಮನೆಯ ಗದ್ದೆಗೆ ಬರುತ್ತಿತ್ತು. ಮದುವೆ ಮಾತಿಗೆ ಕೂತಾಗ ಅಪ್ಪಯ್ಯ ಇದನ್ನೂ ಒಂದು ಅನುಕೂಲವೆಂದು ಹೇಳಿದ್ದರಂತೆ: ಹುಡುಗಿಗೆ ನೀರು ಒಗ್ಗುತ್ತದೆ, ಒಂದೇ ನೀರು.

ಮಳೆಗಾಲ ಮುಗಿದ ಮೇಲೆ ಮೇಲಿನವರೂ ಕೆಳಗಿನವರೂ ಹೊಳೆಗೆ ಅಡ್ಡಲಾಗಿ ಕಟ್ಟ ಹಾಕುತ್ತಿದ್ದರು. ಮೇಲಿನ ಕಟ್ಟ ಗೂಟ, ಸೊಪ್ಪು, ಮಣ್ಣಿನದು. ಎಷ್ಟು ಮೆತ್ತಿದರೂ ಸೋರುತ್ತಿತ್ತು. ಆ ಸೋರಿದ ನೀರಿನಲ್ಲೇ ನಾವು ಕೆಳಗೆ ಬೇಸಗೆಯ ಮೂರನೇ ಬೆಳೆ, ಕೊಳಕೆ, ತೆಗೆಯುತ್ತಿದ್ದೆವು. ಇದು ಮೇಲಿನವರ ಪಾಲು, ಇದು ಕೆಳಗಿನವರ ಪಾಲು ಎಂದು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯವೂ ಬಿದ್ದಿರಲಿಲ್ಲ.

ಯುದ್ಧದ ವರ್ಷಗಳಲ್ಲಿ ಎರಡೂ ಸರಕಾರದವರು ಹೆಚ್ಚು ಬೆಳೆಯಿರಿ ಎಂದು ಊರೂರಿಗೆ ಹೇಳಿಕೊಂಡು ಬಂದರು. ಮೇಲಿನ ಊರಿನವರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ನನ್ನ ಅಣ್ಣಯ್ಯ ಮುಂದೆ ನಿಂತು ಕಲ್ಲು, ಗಾರೆ ಹಾಕಿಸಿ ಹೊಸ ಕಟ್ಟ ಕಟ್ಟಿಸಿದ. ಅದು ಸೋರಲಿಲ್ಲ.

ಪುಷ್ಯ ಕಳೆಯುವಷ್ಟರಲ್ಲಿ ನಮ್ಮ ಹೊಳೆ ಬರೀ ಗುಂಡಿಗಳಾಯಿತು. ಮಾವಯ್ಯ ಹೊಳೆಯ ಗುಂಟ ಹತ್ತಿ ಹೋಗಿ ನೋಡಿ ಬಂದರು. ಜಗಲಿಯಲ್ಲಿ ಕೂತು ಕಾಲು ತೊಳೆಯುವುದನ್ನೂ ಮರೆತು, "ಗೋಡೆ ಕಟ್ಟಿರ್ ಮಾರಾಯ್ರೆ, ಕೋಟೆ ಗೋಡೆ" ಎಂದರು. ಕಟ್ಟಿಸಿದವರು ಯಾರು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಒಮ್ಮೆ ಒಳಗೆ ನಿಂತಿದ್ದ ನನ್ನ ಕಡೆ ನೋಡಿದರು.

ಸರಕಾರಕ್ಕೆ ಅರ್ಜಿ ಕೊಡುವುದೆಂದು ಊರಿನವರು ತೀರ್ಮಾನಿಸಿದರು. ಅಕ್ಷರ ತಪ್ಪಿಲ್ಲದೆ ಬರೆಯಬಲ್ಲವಳು ಆ ಮನೆಯಲ್ಲಿ ನಾನೊಬ್ಬಳೇ. ಮಾವಯ್ಯ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. "ಘಟ್ಟದ ಮೇಲಿನ ಕೆಲವು ದುಷ್ಟರು" ಎಂಬಲ್ಲಿ ನನ್ನ ಕೈ ನಿಂತಿತು.

"ದುಷ್ಟರು ಅಂದೇ ಬರೀಕಾ, ಮಾವಯ್ಯ?"

ಅವರು ಆ ಪದವನ್ನು ಬಿಟ್ಟರು. "ಕೆಲವರು ಅಂತ ಬರಿ. ಸಾಕ್."

ಹೀಗೆ ನನ್ನ ಒಡಹುಟ್ಟಿದವನ ಮೇಲೆ ನಾನೇ ಅರ್ಜಿ ಬರೆದೆ. ಬೇಡವೆನ್ನಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಒಣಗುತ್ತಿದ್ದ ಗದ್ದೆ ನನ್ನದೂ ಆಗಿತ್ತು. ನಾನೇ ಬಗ್ಗಿ ನೆಟ್ಟ ಗದ್ದೆ ಅದು.

ಮಾವಯ್ಯನೂ ನನ್ನ ಗಂಡನೂ ನನ್ನನ್ನು ಕರೆದುಕೊಂಡು ಕುಂದಾಪುರಕ್ಕೆ ಹೊರಟರು. ಪೆಟ್ರೋಲು ಸಿಗದ ಕಾಲ. ಇದ್ದಲಿನ ಗ್ಯಾಸಿನ ಬಸ್ಸು ಏರಿನಲ್ಲೆಲ್ಲ ನಿಂತು, ನಮ್ಮನ್ನೆಲ್ಲ ಇಳಿಸಿ ನೂಕಿಸಿಕೊಂಡು, ಕಡವಿನ ತನಕ ತಲುಪಿಸಿತು. ಅಲ್ಲಿಂದ ದೋಣಿ. ಕಚೇರಿಯ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿದರು.

"ಹ್ವಾಯ್, ಕಟ್ಟ ಇಪ್ಪುದ್ ಎಲ್ಲಿ?"

"ಮೇಲೆ, ಮೈಸೂರ್ ಸೀಮೆಲಿ" ಎಂದರು ಮಾವಯ್ಯ.

"ಹಾಂಗಾರೆ ನಮ್ಗೆ ಅಧಿಕಾರ ಇಲ್ಲ."

"ಒಣಗಿದ್ ಗದ್ದೆ ನಿಮ್ ಸೀಮೆದೇ ಅಲ್ದಾ? ತೀರ್ವೆ, ಕಂದಾಯ ಎಲ್ಲ ನೀವೇ ಅಲ್ದಾ ತಕಂಬುದ್?"

ಗುಮಾಸ್ತರು ಕೆಟ್ಟವರಲ್ಲ. ತಾಳ್ಮೆಯಿಂದಲೇ ದಾರಿ ವಿವರಿಸಿದರು. ಅರ್ಜಿ ಇಲ್ಲಿಂದ ಮಂಗಳೂರಿಗೆ, ಅಲ್ಲಿಂದ ಮದ್ರಾಸಿಗೆ. ಮದ್ರಾಸಿನವರು ಒಪ್ಪಿದರೆ ಬೆಂಗಳೂರಿಗೆ, ಅಲ್ಲಿಂದ ಶಿವಮೊಗ್ಗಕ್ಕೆ, ಕೊನೆಗೆ ನನ್ನ ತವರಿಗೆ. ನನಗೆ ಅಲ್ಲೇ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆಳಿಗ್ಗೆ ಗಂಜಿ ಉಂಡು ಹೊರಟರೆ ಮಧ್ಯಾಹ್ನದ ಊಟಕ್ಕೆ ನಾನು ಮುಟ್ಟುವ ಮನೆ ಅದು.

ಆ ವರ್ಷ ಕೊಳಕೆ ತೆನೆ ಬಿಡುವ ಮೊದಲೇ ಒಣಗಿ ದನಗಳಿಗೆ ಹುಲ್ಲಾಯಿತು. ಬ್ರಹ್ಮಾವರಕ್ಕೆ ಕೊಟ್ಟಿದ್ದ ನಾದಿನಿ ಒಂದು ಮುಡಿ ಅಕ್ಕಿ ಕಳಿಸಿದಳು. ಮಾವಯ್ಯ ಅದನ್ನು ಒಳಗೆ ತರಿಸಿಕೊಂಡರೇ ಹೊರತು ಅದರ ಮಾತೆತ್ತಲಿಲ್ಲ. ಮಗಳ ಮನೆಯ ಅಕ್ಕಿ ಉಣ್ಣುವುದು ಅವರಿಗೆ ಅವಮಾನವಾಗಿತ್ತು.

ಮರುವರ್ಷ ಮಳೆಗಾಲ ಮುಗಿದದ್ದೇ ನಾನೂ ನನ್ನ ಗಂಡನೂ ಘಟ್ಟ ಹತ್ತಿದೆವು. ಅಣ್ಣಯ್ಯ ಬೆಲ್ಲ, ನೀರು ಕೊಟ್ಟ. ನಾನು ಮುಟ್ಟಲಿಲ್ಲ.

"ಮೊದಲು ನಮ್ಮ ನೀರು ಬಿಡು. ಆಮೇಲೆ ಕುಡೀತೆ."

ಅವನಿಗೂ ಸಿಟ್ಟು ಬಂತು. "ಕಟ್ಟ ನನ್ನೊಬ್ಬನದಾ? ಊರಿನವರೆಲ್ಲ ಕಲ್ಲು ಹೊತ್ತಿದಾರೆ. ಹೆಚ್ಚು ಬೆಳೆಯಿರಿ ಅಂತ ಹೇಳಿದ್ದು ಸರಕಾರ. ನಾನೆಂತ ಕಳ್ಳನಾ?"

"ಕಳ್ಳ ಅಂತ ನಾನು ಹೇಳಲಿಲ್ಲ. ಮೊದಲು ಸೋರ್ತಿತ್ತು, ನಾವು ಉಂಡ್ಕಂಡಿದ್ದೆವು. ಸೋರುವಷ್ಟು ಬಿಡು."

ಇಡೀ ದಿನ ವಾದವಾಯಿತು. ಕಡೆಗೆ ಅಮ್ಮ ನಡುವೆ ಬಂದು ಇಬ್ಬರನ್ನೂ ಬೈದ ಮೇಲೆ ಒಂದು ದಾರಿ ಕಂಡಿತು. ಕಟ್ಟದ ಬುಡದಲ್ಲಿ ಒಂದು ತೂಬು ಇಡುವುದು, ಅದಕ್ಕೆ ಮರದ ಹಲಗೆ. ಎಂಟು ದಿನಕ್ಕೊಮ್ಮೆ ಎರಡು ದಿನ ಹಲಗೆ ಎತ್ತಿ ಕೆಳಗೆ ನೀರು ಬಿಡುವುದು. ಅಣ್ಣಯ್ಯ ಊರಿನವರನ್ನು ಒಪ್ಪಿಸಿದ. ಕಲ್ಲು ಒಡೆಯಲು ನನ್ನ ಗಂಡನೇ ನಾಲ್ಕು ಆಳು ಕರೆದುಕೊಂಡು ಹೋದರು. ಮೊದಲ ಸಲ ನೀರು ಇಳಿದು ಬಂದಾಗ ಮಾವಯ್ಯ ಗದ್ದೆಯ ಅಂಚಿನಲ್ಲಿ ಕೂತು ಅದು ಮಡಿಯಿಂದ ಮಡಿಗೆ ಹರಿಯುವುದನ್ನು ನೋಡಿದರು. "ನಿನ್ನಣ್ಣ ಮನ್ಷ" ಎಂದರು ನನಗೆ.

ಮೂರು ಸರದಿ ನೀರು ಬಂತು. ನಾಲ್ಕನೆಯದು ಬರಲಿಲ್ಲ.

ನಾನು ಬರೆದ ಅರ್ಜಿ, ಒಂದು ವರ್ಷ ಎಲ್ಲೆಲ್ಲೋ ಸುತ್ತಿ, ಆಗ ಮೇಲೆ ಮುಟ್ಟಿತ್ತು. ಅದನ್ನು ಹಿಡಿದುಕೊಂಡು ಆ ಕಡೆಯ ಒಬ್ಬ ಅಧಿಕಾರಿ ಕಟ್ಟ ನೋಡಲು ಬಂದಿದ್ದರು. ತೂಬು ಯಾರ ಅಪ್ಪಣೆಯಿಂದ ಆಯಿತು ಎಂದು ಕೇಳಿದರು. ನಮ್ಮ ನಮ್ಮಲ್ಲೇ ಒಪ್ಪಂದವಾಗಿದೆ ಎಂದ ಅಣ್ಣಯ್ಯ. ಎರಡು ಸರಕಾರಗಳ ನಡುವಿನ ವಿವಾದದಲ್ಲಿ ಎರಡು ಮನೆಗಳು ಒಪ್ಪಂದ ಮಾಡಿಕೊಳ್ಳುವ ಹಾಗಿಲ್ಲ, ಇತ್ಯರ್ಥವಾಗುವ ತನಕ ಮೊದಲಿದ್ದಂತೆಯೇ ಇರಬೇಕು ಎಂದರಂತೆ ಅವರು. ಅವರ ಪ್ರಕಾರ ಮೊದಲಿದ್ದದ್ದು ಎಂದರೆ ತೂಬಿಲ್ಲದ ಕಲ್ಲಿನ ಕಟ್ಟ. ಹಲಗೆಗೆ ಮೊಳೆ ಹೊಡೆಸಿ, ಅರಗಿನ ಮುದ್ರೆ ಒತ್ತಿಸಿ ಹೋದರು.

ನಾವು ಮತ್ತೆ ಕುಂದಾಪುರಕ್ಕೆ ಓಡಿದೆವು. ಅರ್ಜಿ ವಾಪಸು ಬೇಕು ಎಂದೆವು. ಅದೇ ಗುಮಾಸ್ತರು ಕನ್ನಡಕ ತೆಗೆದಿಟ್ಟರು.

"ವಾಪಸ್ ಕೊಡುಕೆ ಫೈಲ್ ನಮ್ಮತ್ರ ಇಲ್ಲ. ಅದೀಗ ಎರಡ್ ಸರ್ಕಾರದ್ ಮಧ್ಯ ಇತ್ತ್."

"ನಮ್ಗೆ ಈಗ ತಕರಾರೇ ಇಲ್ಲ ಮಾರಾಯ್ರೆ" ಎಂದರು ಮಾವಯ್ಯ.

"ಹಾಂಗಂತ ಇನ್ನೊಂದ್ ಅರ್ಜಿ ಕೊಡಿ. ಕಳ್ಸುವ."

ನಾನು ಬರೆದು ಕೊಟ್ಟೆ. ಬರೆಯುವಾಗ ಶಾಯಿ ಕಾಗದದ ತುಂಬ ಚೆಲ್ಲಿತು, ಎರಡನೆಯ ಸಲ ಬರೆಯಬೇಕಾಯಿತು. ಅದಕ್ಕೆ ಉತ್ತರ ಬರಲೇ ಇಲ್ಲ.

ಆ ಬೇಸಗೆ ನಾನೊಬ್ಬಳೇ ತವರಿಗೆ ಹೋಗಿ ಅಣ್ಣಯ್ಯನ ಹತ್ತಿರ, ಮುದ್ರೆ ಒಡೆದು ಹಲಗೆ ಎತ್ತು, ಯಾರು ನೋಡುತ್ತಾರೆ ಎಂದೆ.

"ಒಡೆದ್ರೆ ಜೈಲಿಗೆ ಹೋಗೋದು ನಾನು" ಎಂದ ಅವನು. "ನೀನು ಅರ್ಜಿ ಬರೆಯೋ ಮೊದಲು ಒಂದ್ಸಲ ಇಲ್ಲಿಗೆ ಬರಬಹುದಿತ್ತಲ್ಲ ತಂಗಿ. ಮೂರು ಗಂಟೆ ದಾರಿ."

"ನೀನು ಕಲ್ಲು ಇಡೋ ಮೊದಲು ಕೆಳಗೆ ಬರಬಹುದಿತ್ತು" ಎಂದೆ. ಇಬ್ಬರ ಮಾತೂ ನಿಜವೇ. ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ. ಆಮೇಲೆ ಎರಡು ವರ್ಷ ನಾನು ತವರಿಗೆ ಹೋಗಲಿಲ್ಲ, ಅವನೂ ಘಟ್ಟ ಇಳಿಯಲಿಲ್ಲ.

ನಾವು ಕೊಳಕೆ ಭತ್ತ ಬಿಟ್ಟು ಆ ಗದ್ದೆಯಲ್ಲಿ ಉದ್ದು ಬಿತ್ತತೊಡಗಿದೆವು. ಸ್ವಾತಂತ್ರ್ಯ ಬಂತು. ಮೊಳೆ ಹೊಡೆದ ಹಲಗೆ ಹಾಗೆಯೇ ಇತ್ತು. ನಂತರದ ಒಂದು ಬೇಸಗೆಯಲ್ಲಿ ನಮ್ಮ ಅರ್ಜಿಯ ಸಂಬಂಧ ಸರಕಾರದ ಇಬ್ಬರು ಅಳತೆಯ ಸರಪಳಿ ಹಿಡಿದು ಬಂದು ನಮ್ಮ ಒಣ ಹೊಳೆಯನ್ನು ಉದ್ದಗಲ ಅಳೆದರು. ಮಾವಯ್ಯ ಅವರಿಗೆ ಎಳನೀರು ಕೊಯ್ಯಿಸಿ ಕೊಟ್ಟು, ನೀರು ಯಾವಾಗ ಬರುತ್ತದೆ ಎಂದು ಕೇಳಿದರು. ತಮಗೆ ಅಳೆಯುವುದಕ್ಕಷ್ಟೇ ಹೇಳಿದ್ದಾರೆ ಎಂದರು ಅವರು.