ಆರು ವರ್ಷ ಬಂದ್ ಮಾಡದ ಕಂಪ್ಯೂಟರ್

ನಾನು ನಿಂತಿದ್ದು ಹರಿಹರದ ಒಂದು ವರ್ಕ್‌ಶಾಪಿನ ಒಳಕೋಣೆಯಲ್ಲಿ, ಕಂಪ್ಯೂಟರ್ ಟೇಬಲ್ಲಿನ ಎಡಕ್ಕೆ, ಕಿಟಕಿಗೆ ಬೆನ್ನು ಮಾಡಿ. ಹೋದ ವರ್ಷದ ವಿಜಯದಶಮಿ, ಬೆಳಿಗ್ಗೆ ಒಂಬತ್ತೂ ಇಪ್ಪತ್ತು. ಅಲ್ಲಿನ ಗೋಡೆ ಗಡಿಯಾರ ಐದು ನಿಮಿಷ ಮುಂದಿರುತ್ತದೆ, ಅದನ್ನು ಕಳೆದೇ ಹೇಳುತ್ತಿದ್ದೇನೆ. ಇಷ್ಟೊಂದು ಅಳೆದು ಹೇಳುವುದಕ್ಕೆ ಕಾರಣವುಂಟು. ಈ ಸಂಗತಿಯಲ್ಲಿ ತಪ್ಪು ನನ್ನದು. ತಪ್ಪು ಮಾಡಿದವನ ನೆನಪು ಅವನಿಗೆ ಅನುಕೂಲವಾದ ಕಡೆಗೇ ವಾಲುತ್ತದೆ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಕ್ಲಿನಿಕ್ಕಿನ ಮೇಲ್ಮಹಡಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಮೆಟ್ಟಿಲಲ್ಲಿ ದಾರಿ ತಪ್ಪಿದ ರೋಗಿಗಳು ನನ್ನೆದುರು ಕೂತು ನಾಲಗೆ ಚಾಚಿದ್ದುಂಟು. ಅದರಿಂದಲೇ ಇರಬೇಕು, ನನಗೂ ಒಂದಿಷ್ಟು ಡಾಕ್ಟರರ ಗತ್ತು ಅಂಟಿಕೊಂಡಿತ್ತು; ಕಾಯಿಲೆ ಗೊತ್ತಾಗದಿದ್ದಾಗ ಪಥ್ಯ ಹೇಳಿ ಕಳಿಸುವ ಗತ್ತು.

ಹರಿಹರದ ಆ ವರ್ಕ್‌ಶಾಪಿನಲ್ಲಿ ಕಬ್ಬಿಣದ ಪ್ಲೇಟು ಕತ್ತರಿಸುತ್ತಾರೆ. ಟ್ರೇಲರಿನ ತಳ, ಗೇಟಿನ ಹೂಬಳ್ಳಿ, ಹೀಗೆ. ಕತ್ತರಿಸಬೇಕಾದ ಆಕಾರವನ್ನು ಕಂಪ್ಯೂಟರಿನಲ್ಲಿ ಬರೆಯುವವರು ರುದ್ರಪ್ಪ. ಐವತ್ತು ದಾಟಿದ ಮೇಲೆ ಕಲಿತದ್ದು, ಅದೂ ಒಂದೇ ಒಂದು ಹಳೆಯ ತಂತ್ರಾಂಶದಲ್ಲಿ. ಅದಕ್ಕೆ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡೇ ಬೇಕು, ಕಾರ್ಡಿಗೆ ಅದರದೇ ಹಳೆಯ ಡ್ರೈವರ್ ಬೇಕು. ಡ್ರೈವರ್ ಎಂದರೆ ಕಂಪ್ಯೂಟರಿನ ಮಾತನ್ನು ಕಾರ್ಡಿಗೆ ಮುಟ್ಟಿಸುವ ಸಣ್ಣ ತಂತ್ರಾಂಶ. ಕಂಪ್ಯೂಟರಿನ ಜೊತೆಗೇ ಬರುವ ಸಾಧಾರಣ ಡ್ರೈವರ್ ಒಂದಿದೆ. ಅದು ಕೂತರೆ ಪರದೆಯೇನೋ ಬೆಳಗುತ್ತದೆ, ನಕ್ಷೆಯ ಕಿಟಕಿ ತೆರೆಯುವುದಿಲ್ಲ.

ಏಳು ವರ್ಷದ ಹಿಂದೆ ಅವರು ನನ್ನನ್ನು ಕರೆಸಿದ್ದು ಇದಕ್ಕೇ. ಸಾಧಾರಣ ಡ್ರೈವರನ್ನು ಎಬ್ಬಿಸಿ ಹಳೆಯದನ್ನು ಕೈಯಾರೆ ಕೂಡಿಸಿದೆ. ನಕ್ಷೆ ತೆರೆಯಿತು. ಕಂಪ್ಯೂಟರ್ ಬಂದ್ ಮಾಡಿ ಹಚ್ಚಿದೆ, ಮತ್ತೆ ಸಾಧಾರಣದ್ದೇ ಬಂದು ಕೂತಿತ್ತು. ನಾಲ್ಕು ಸಲ ಕೂಡಿಸಿದೆ, ನಾಲ್ಕು ಸಲವೂ ಹಾಗೆಯೇ. ಯಾಕೆಂದು ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳುವುದನ್ನು ಬಿಟ್ಟು, ಕೈ ಒರೆಸಿಕೊಳ್ಳುತ್ತ ಹೇಳಿದೆ: "ರುದ್ರಪ್ಪಾರೆ, ಕಾರ್ಡಿಗೆ ವಯಸ್ಸಾಗೈತಿ. ಇನ್ಮ್ಯಾಲೆ ಇದನ್ನ ಬಂದ್ ಮಾಡ್ಲೇಬ್ಯಾಡ್ರಿ."

"ಯಾವತ್ತೂ ಏನ್ರಿ?"

"ಯಾವತ್ತೂ."

ಅವರು ತಲೆಯಾಡಿಸಿದರು. ಡಾಕ್ಟರರ ಮಾತಿಗೆ ತಲೆಯಾಡಿಸುವ ಹಾಗೆ.

ಆರು ವರ್ಷ ಆ ಕಂಪ್ಯೂಟರ್ ಓಡುತ್ತಲೇ ಇತ್ತು. ರುದ್ರಪ್ಪ ಅದಕ್ಕೆ ದೊಡ್ಡ ಬ್ಯಾಟರಿ ಹಾಕಿಸಿದರು. ಆದರೂ ಎರಡು ಸಲ ಬಂದ್ ಆಗಿ ನಾನು ಹಳೇ ಪಿ.ಬಿ. ರಸ್ತೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಹೋಗಿ, ಕಾಲು ತಾಸಿನಲ್ಲಿ ಡ್ರೈವರ್ ಕೂಡಿಸಿ, ಚಹಾ ಕುಡಿದು, ಹೊಗಳಿಸಿಕೊಂಡು ಬಂದಿದ್ದೆ. ಅಲ್ಲಿ ಲೇಥ್ ಯಂತ್ರ ನಡೆಸುತ್ತಿದ್ದ ಮೆಹಬೂಬ್ ಸಾಬರು ರುದ್ರಪ್ಪನವರನ್ನು ದಿನಾ ಕೆಣಕುತ್ತಿದ್ದರು.

"ಏನಪಾ ರುದ್ರಪ್ಪ, ನಿನ್ನ ಎಮ್ಮಿ ಹೆಂಗೈತಿ?"

"ಎಮ್ಮಿಯಾದ್ರೂ ಮಲಗತೈತಿ ಸಾಬ್ರೆ. ಇದು ಮಲಗಂಗಿಲ್ಲ, ಮಲಗಾಕ ಬಿಡಂಗೂ ಇಲ್ಲ."

ಆಯುಧಪೂಜೆಯ ದಿನ ಎಲ್ಲ ಯಂತ್ರಗಳಿಗೂ ರಜೆ. ತೊಳೆದು, ಎಣ್ಣೆ ಕೊಟ್ಟು, ವಿಭೂತಿ ಬಳಿದು ನಿಲ್ಲಿಸುತ್ತಾರೆ. ಮರುದಿನ ಬೆಳಿಗ್ಗೆಯೇ ಮತ್ತೆ ಶುರು. ಆ ಒಂದು ಕಂಪ್ಯೂಟರಿಗೆ ಮಾತ್ರ ಓಡುತ್ತಿರುವಾಗಲೇ ಪೂಜೆ. ಫ್ಯಾನಿನ ಗಾಳಿಗೆ ವಿಭೂತಿ ಹಾರಿ ರುದ್ರಪ್ಪನವರ ಮೀಸೆಯ ಮೇಲೆ ಕೂಡುತ್ತಿತ್ತು. ನೋಡಿ ನಾನೂ ನಕ್ಕಿದ್ದೇನೆ.

ಹೋದ ವರ್ಷದ ಹೊತ್ತಿಗೆ ಮಾಲೀಕರು ತೀರಿಕೊಂಡು, ಅವರ ಪತ್ನಿ ಚನ್ನಬಸಮ್ಮನವರು ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದರು. ಅವರದು ನೇರ ಮಾತು. "ಎಲ್ಲಾ ಯಂತ್ರಕ್ಕೂ ಒಂದಿನ ರಜ ಐತಿ, ಇದೊಂದಕ್ಯಾಕ ಇಲ್ಲ? ಬಂದ್ ಮಾಡ್ರಿ," ಎಂದರು. ರುದ್ರಪ್ಪ ನನಗೆ ಫೋನು ಮಾಡಿದರು. ಕಾಲು ತಾಸಿನ ಕೆಲಸ ತಾನೇ ಎಂದುಕೊಂಡು ನಾನು, "ಅಕ್ಕಾರು ಹೇಳಿದಂಗ ಮಾಡ್ರಿ, ನಾಳೆ ಬರ್ತೀನಿ," ಎಂದೆ.

ಮರುದಿನ ನಾನು ಹೋಗಿ ಕಿಟಕಿಗೆ ಬೆನ್ನು ಮಾಡಿ ನಿಂತಾಗ ಚನ್ನಬಸಮ್ಮನವರು ನನಗಿಂತ ಮೊದಲೇ ಅಲ್ಲಿದ್ದರು. ಬಾಗಿಲಲ್ಲಿ ಮೆಹಬೂಬ್ ಸಾಬರು. ಕುರ್ಚಿಯಲ್ಲಿ ರುದ್ರಪ್ಪ, ತೊಡೆಯ ಮೇಲೆ ಎರಡೂ ಕೈ. ಕಂಪ್ಯೂಟರ್ ಹಚ್ಚಿದ್ದರು, ನಕ್ಷೆ ತೆರೆದಿರಲಿಲ್ಲ.

"ನೋಡ್ರಿ," ಎಂದರು ಚನ್ನಬಸಮ್ಮ, "ಹೊಸ ಕಂಪ್ಯೂಟರ್ ಕೊಡೋರು ಅದನ್ನ ನಡೆಸೋ ಮನುಷ್ಯಾನ್ನೂ ಕೊಡ್ತಾರಂತ. ಮೂರು ಸಲ ಬಂದ್ ಮಾಡಿ ಮೂರು ಸಲ ಹಚ್ರಿ. ನೀವು ಕೈ ಹಚ್ಚದಂಗ ನಕ್ಷೆ ಬಂದ್ರ ಇದ ಇರಲಿ. ಬರದಿದ್ರ ಹೊಸಾದು ತರಸ್ತೀನಿ."

ಹೊಸದು ಬಂದರೆ ರುದ್ರಪ್ಪನವರಿಗೆ ಅಲ್ಲಿ ಕೆಲಸವಿರುವುದಿಲ್ಲ.

ನಾನು ಕೂತೆ. ಮೊದಲ ಬಾರಿಗೆ ಅವಸರವಿಲ್ಲದೆ, ಕಂಪ್ಯೂಟರ್ ಏಳುವಾಗ ಬರೆದಿಡುವ ದಾಖಲೆಯನ್ನು ಸಾಲುಸಾಲಾಗಿ ಓದಿದೆ. ಮುಕ್ಕಾಲು ತಾಸು ಹಿಡಿಯಿತು. ವಿಷಯ ಇಷ್ಟೇ. ಕಂಪ್ಯೂಟರ್ ಎದ್ದ ಕೂಡಲೇ ಇಡೀ ಡಿಸ್ಕನ್ನು ನೋಡುವುದಿಲ್ಲ. ಮೊದಲು ಒಂದು ಸಣ್ಣ ಗಂಟನ್ನು ಬಿಚ್ಚುತ್ತದೆ, ಏಳುವುದಕ್ಕೆ ಬೇಕಾದ ಸಾಮಾನಷ್ಟೇ ಅದರಲ್ಲಿರುತ್ತದೆ. ಸಾಧಾರಣ ಡ್ರೈವರನ್ನು ಕರೆಯಬೇಡ ಎಂದು ಡಿಸ್ಕಿನಲ್ಲಿ ನಾನು ಅಂದೇ ಬರೆದಿದ್ದೆ. ಬರೆದ ಮೇಲೆ ಗಂಟನ್ನು ಹೊಸದಾಗಿ ಕಟ್ಟಬೇಕಿತ್ತು. ಕಟ್ಟಿರಲಿಲ್ಲ. ಹಳೆಯ ಗಂಟಿನಿಂದ ಸಾಧಾರಣ ಡ್ರೈವರ್ ಪ್ರತಿಸಲ ಮೊದಲೇ ಇಳಿದು ಕಾರ್ಡನ್ನು ಹಿಡಿದುಕೊಳ್ಳುತ್ತಿತ್ತು. ಗಂಟು ಕಟ್ಟುವುದಕ್ಕೆ ಬೇಕಾದದ್ದು ಒಂದು ಸಾಲಿನ ಆದೇಶ. ಹೊಡೆದೆ.

ಬಂದ್ ಮಾಡಿ ಹಚ್ಚಿದೆವು. ನಕ್ಷೆ ತೆರೆಯಿತು. ಎರಡನೆಯ ಸಲವೂ ತೆರೆಯಿತು. ಮೂರನೆಯ ಸಲ ರುದ್ರಪ್ಪನವರೇ ಗುಂಡಿ ಒತ್ತಿದರು. ಗೇಟಿನ ಹೂಬಳ್ಳಿ ಪರದೆಯ ಮೇಲೆ ಬಂತು.

ಅವರು ಅದನ್ನು ನೋಡುತ್ತಲೇ ಕೇಳಿದರು: "ಇದು ಅವತ್ತ ಆಗ್ತಿತ್ತೇನ್ರಿ?"

ಸುಳ್ಳಿಗೆ ಜಾಗವಿತ್ತು. ಈಗ ಹೊಸ ಉಪಾಯ ಬಂದಿದೆ ಎಂದಿದ್ದರೆ ಆ ಕೋಣೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ. "ಆಗ್ತಿತ್ರಿ," ಎಂದೆ. "ಒಂದು ಸಾಲು ಬಿಟ್ಟಿದ್ದೆ. ಕಾರ್ಡಿನ ವಯಸ್ಸಿಂದಲ್ಲ. ನನಗ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಹೇಳ್ಲಿಲ್ಲ."

ಬಾಗಿಲಿನಿಂದ ಮೆಹಬೂಬ್ ಸಾಬರು ಮಾತಾಡಿದರು. ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. "ಮಾಯಕೊಂಡದಾಗ ಇವನ ತಂಗಿ ಮನಿ ಐತ್ರಿ. ಆರು ವರ್ಷದಾಗ ಅಲ್ಲಿ ಒಂದು ರಾತ್ರಿ ಉಳದಿಲ್ಲ ಈ ಮನುಷ್ಯ. ತಂಗಿ ಗಂಡ ಸತ್ತಾಗ ಮಣ್ಣು ಮಾಡಿ, ಆಕೀನ ಅಳಾಕ ಬಿಟ್ಟು, ಕಡೇ ಬಸ್ಸಿಗೆ ಬಂದ. ಯಾಕ? ಕರೆಂಟ್ ಹೋದ್ರ ಬ್ಯಾಟರಿ ಎರಡ ತಾಸು, ಅಷ್ಟರಾಗ ಜನರೇಟರ್ ಹಚ್ಚಬೇಕು ಅಂತ."

"ಬಿಡ್ರಿ ಸಾಬ್ರೆ," ಎಂದರು ರುದ್ರಪ್ಪ.

ಅವರು ಕಂಪ್ಯೂಟರನ್ನು ತಾವೇ ಬಂದ್ ಮಾಡಿದರು. ಫ್ಯಾನು ನಿಧಾನವಾಗಿ ತಿರುಗಿ ನಿಂತಿತು. ಆ ಕೋಣೆ ಅಷ್ಟು ಸಣ್ಣದೆಂದು ನನಗೆ ಅಲ್ಲಿಯವರೆಗೆ ಅನಿಸಿರಲಿಲ್ಲ.

"ಅಕ್ಕಾರೆ, ನನಗ ಎರಡು ದಿನ ರಜ ಬೇಕ್ರಿ," ಎಂದರು.

ಚನ್ನಬಸಮ್ಮನವರು ಹೇಳಿದರು: "ನಾಕು ದಿನ ಇದ್ದು ಬರ್ರಿ. ಇದು ಇಲ್ಲೇ ಇರತೈತಿ. ನೀವು ಬರೂತನ ಯಾರೂ ಹಚ್ಚಂಗಿಲ್ಲ."

ಈಗ ನನ್ನ ಅಂಗಡಿಯಲ್ಲಿ ಯಾವ ರಿಪೇರಿ ಮುಗಿದರೂ ಗಿರಾಕಿಯ ಎದುರಿಗೇ ಮೂರು ಸಲ ಬಂದ್ ಮಾಡಿ ಹಚ್ಚಿ ತೋರಿಸುತ್ತೇನೆ. ತಿಳಿಯದಿದ್ದರೆ ತಿಳಿಯದು ಎನ್ನುತ್ತೇನೆ. ಕೆಲವರು ಎದ್ದು ಬೇರೆ ಅಂಗಡಿಗೆ ಹೋಗುತ್ತಾರೆ, ಹೋಗಲಿ. ಆದರೆ ಇದನ್ನು ನನ್ನ ಒಳ್ಳೆಯತನವೆಂದು ಎಣಿಸಬೇಡಿ. ಆರು ವರ್ಷ ನಾನು ನಿದ್ದೆ ಮಾಡಿದ್ದೇನೆ, ದಿನವೂ.

ಮೆಹಬೂಬ್ ಸಾಬರು ಈ ಮಳೆಗಾಲದಲ್ಲಿ ತೀರಿಕೊಂಡರು. ಆ ಬೆಳಿಗ್ಗೆ ಕೋಣೆಯಲ್ಲಿದ್ದವರಲ್ಲಿ ನನ್ನನ್ನು ಬಿಟ್ಟರೆ ಉಳಿದವರು ಇಬ್ಬರು, ಚನ್ನಬಸಮ್ಮನವರು ಮತ್ತು ರುದ್ರಪ್ಪನವರು. ನಾನು ಯಾವುದನ್ನಾದರೂ ನನ್ನ ಕಡೆಗೆ ವಾಲಿಸಿ ಬರೆದಿದ್ದರೆ ಅವರು ತಿದ್ದುತ್ತಾರೆ. ಚನ್ನಬಸಮ್ಮನವರು ದಿನವೂ ಹರಿಹರದಲ್ಲೇ ಸಿಗುತ್ತಾರೆ. ರುದ್ರಪ್ಪನವರನ್ನು ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಮಾಯಕೊಂಡದಲ್ಲಿ ಕೇಳಬೇಕು.