ಒಗೆಯುವ ಕಲ್ಲಿನ ಮುಂದಿನ ದಾಸವಾಳ

ನಾನು ಓದಿದ್ದು ಐದನೇ ಕ್ಲಾಸಿನವರೆಗೆ. ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆಯಲೇಬೇಕು. ನನ್ನ ತಂಗಿಗೆ ಸಿಗಬೇಕಾಗಿದ್ದ ಪಾಠವನ್ನು ಎರಡು ವರ್ಷ ನಾನೊಬ್ಬಳೇ ಕಲಿತೆ.

ಹಾಸನದಲ್ಲಿ ಮನೆಗಳಿಗೆ ಕೈತೋಟ ಮಾಡಿಕೊಡುವ ಹಿರಿಯ ಮೇಡಂ ಒಬ್ಬರಿದ್ದಾರೆ. ಅವರ ಮನೆಗೆ ನಮ್ಮೂರು ದುದ್ದದಿಂದ ಬಸ್ಸಿನಲ್ಲಿ ಕಳೆ ಕೀಳಲು ಹೋಗುತ್ತಿದ್ದೆ. ಒಂದು ದಿನ ನನ್ನ ಫೋನಿನಲ್ಲಿ ನಮ್ಮ ಮನೆಯಂಗಳದ ಫೋಟೋ ನೋಡಿ, "ಯಾರಮ್ಮ ಹೀಗೆ ಗಿಡ ಇಟ್ಟಿದ್ದು?" ಅಂದರು.

"ನಾನೇ ಮೇಡಂ."

"ದಾಸವಾಳನ ಗೋಡೆ ಬಿಟ್ಟು ಅಂಗಳದ ಮಧ್ಯಕ್ಕೆ ಯಾಕೆ ತಂದೆ?"

"ಚಂದ ಕಾಣ್ಲಿ ಅಂತ."

ಅವರು ಫೋಟೋವನ್ನು ಇನ್ನೊಮ್ಮೆ ನೋಡಿ ಫೋನು ವಾಪಸ್ಸು ಕೊಟ್ಟರು. ಮಾರನೇ ವಾರದಿಂದ ತಾವು ಮಾಡಿದ ತೋಟಗಳನ್ನು ತೋರಿಸಲು ನನ್ನನ್ನು ಕರೆದೊಯ್ಯತೊಡಗಿದರು.

ಆ ಅಂಗಳ ನನ್ನದಲ್ಲ. ಕಂಡವರ ಮನೆಯಲ್ಲಿ ಕಡ್ಡಿ ಬೇಡಿ ತಂದು ಒಂದೊಂದನ್ನೂ ನೆಟ್ಟವಳು ತಂಗಿ. ನಾನು ಹೊರಟಾಗೆಲ್ಲ, "ನನ್ನೂ ಕರ್ಕೊಂಡೋಗಕ್ಕ, ಮೂಲೇಲಿ ನಿಂತ್ಕೊಂಡು ನೋಡ್ತೀನಿ" ಅನ್ನುತ್ತಿದ್ದಳು. "ಒಬ್ರೇ ಸಾಕು ಅಂದವ್ರೆ ಕಣೇ" ಎಂದು ಸುಳ್ಳು ಹೇಳಿ ಬಸ್ಸು ಹತ್ತುತ್ತಿದ್ದೆ. ಅವಳು ಬಂದರೆ ನನ್ನ ಬಣ್ಣ ಬಯಲಾಗುತ್ತಿತ್ತು.

ಅರಕಲಗೂಡಿನ ತೋಟವೊಂದರಲ್ಲಿ ತಂಬಾಕಿನ ಎಲೆಯನ್ನು ಬಿಸಿಗೆ ಒಣಗಿಸುತ್ತಿದ್ದ ಹಳೆಯ ಬ್ಯಾರನ್ ಕಟ್ಟಡದ ಗೋಡೆಗೆ ಬಳ್ಳಿ ಹಬ್ಬಿಸಿದ್ದರು. ಅರ್ಧ ಗೋಡೆ ಮಾತ್ರ. "ಗೋಡೆ ಈ ಮನೆಯವರ ಅಪ್ಪ ಕಟ್ಟಿದ್ದು, ಉಳಿದರ್ಧ ಕಾಣಬೇಕು" ಅಂದರು ಮೇಡಂ. ಹೊಳೆನರಸೀಪುರದ ಮನೆಯಲ್ಲಿ ನನ್ನನ್ನು ಗೇಟಿನ ಹತ್ತಿರ ನಿಲ್ಲಲು ಬಿಡಲಿಲ್ಲ. ಹಿತ್ತಿಲಿಗೆ ಕರೆದೊಯ್ದು ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಲ್ಲಿಸಿದರು.

"ಮನೆಯವಳು ದಿನಾ ಎಲ್ಲಿ ನಿಂತು ಕೆಲಸ ಮಾಡ್ತಾಳೋ ಅಲ್ಲಿಂದ ತೋಟ ಶುರು ಮಾಡಬೇಕಮ್ಮ."

ನಮ್ಮ ಅಂಗಳದಲ್ಲೂ ಒಗೆಯುವ ಕಲ್ಲಿದೆ. ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳುತ್ತೇನೆಂದು ಅವ್ವ ಅಲ್ಲಿ ಸೆರಗು ಎಳೆದುಕೊಳ್ಳುತ್ತಲೇ ಬಟ್ಟೆ ಒಗೆಯುತ್ತಿದ್ದಳು. ತಂಗಿ ಕಲ್ಲಿನ ಮುಂದೆ ನೆಟ್ಟ ದಾಸವಾಳ ಬೆಳೆದು ಮರೆ ಕಟ್ಟಿದ ಮೇಲೆ ಸೆರಗಿನ ಗೊಡವೆ ಬಿಟ್ಟಿದ್ದಳು. ಅಷ್ಟು ವರ್ಷ ಅದೇ ಮನೆಯಲ್ಲಿದ್ದೂ ನಾನು ಅದನ್ನು ಗಮನಿಸಿರಲಿಲ್ಲ.

ಚನ್ನರಾಯಪಟ್ಟಣದ ಒಂದು ಹೊಸ ಮನೆಯ ತೋಟವನ್ನು ಪೂರ್ತಿ ನನಗೇ ವಹಿಸುತ್ತೇನೆಂದು ಮೇಡಂ ಹೇಳಿದಾಗ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

"ಗೊತ್ತಿತ್ತು" ಅಂದರು. "ಫೋಟೋದಲ್ಲಿ ದಾಸವಾಳದ ಹಿಂದೆ ಒಗೆಯೋ ಕಲ್ಲಿತ್ತು. ನೀನು ಅದರ ಮಾತೇ ಎತ್ತಲಿಲ್ಲ. ಕಲಿಯೋ ಆಸೆ ನಿನಗೂ ಇತ್ತು, ಅದಕ್ಕೇ ಸುಮ್ಮನಿದ್ದೆ. ಈಗ ಅವಳನ್ನ ಕರ್ಕೊಂಡು ಬಾ."

ತಂಗಿಯ ಮುಂದೆ ಹೇಳುವುದು ಇನ್ನೂ ಕಷ್ಟವಾಯಿತು. ಅವಳು ಹಸುವಿಗೆ ಹುಲ್ಲು ಹಾಕುತ್ತ ಕೇಳಿಸಿಕೊಂಡಳು.

"ಎರಡು ವರ್ಸ ಕಣಕ್ಕ. ಈಗ ನೆಪ್ಪಾದ್ನಾ ನಾನು?"

ತಪ್ಪಾಯ್ತು ಅಂದೆ. ಅವಳು ಹುಲ್ಲಿನ ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಮೂರನೆಯ ದಿನ ಬಸ್ಸಿನ ಹೊತ್ತಿಗೆ ತಲೆ ಬಾಚಿಕೊಂಡು ನಿಂತಿದ್ದಳು. "ಓಗಾನ ನಡಿ. ಮೂಲೇಲಿ ಮಾತ್ರ ನಿಲ್ಲಾಕಿಲ್ಲ."

ಚನ್ನರಾಯಪಟ್ಟಣದ ಮನೆಯಲ್ಲಿ ಅವಳು ನೆಟ್ಟಗೆ ಹಿತ್ತಿಲಿಗೆ ನಡೆದು, ಮನೆಯಾಕೆಯನ್ನು ಕೇಳಿದಳು: "ಅಕ್ಕಾ, ಬಟ್ಟೆ ಎಲ್ಲಿ ಒಗೀತೀರಿ?"

ಮೇಡಂ ಒಮ್ಮೆ ನನ್ನತ್ತ ನೋಡಿ, ಅಳತೆಯ ಹಗ್ಗದ ತುದಿಯನ್ನು ತಂಗಿಯ ಕೈಗೆ ಕೊಟ್ಟರು. ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಿತ್ತು.

"ಬಾರಕ್ಕ, ಇಡ್ಕೋ" ಅಂದಳು ತಂಗಿ.