ಬೇವಿನ ಗಿಡದ ಹಿಂದೆ ಇಲ್ಲದ ಚುಕ್ಕಿ

ಅವರ ಬಲಗೈ ತೋರುಬೆರಳು ಉಳಿದ ಬೆರಳುಗಳಿಗಿಂತ ಕಪ್ಪಗಿತ್ತು. ಅದನ್ನು ಮಡಚಿದ್ದನ್ನು ಯಾರೂ ಕಂಡಿರಲಿಲ್ಲ. ಬಿಸಿಲೆಲ್ಲ ಅದಕ್ಕೇ ಬಿದ್ದಿರಬೇಕು ಎಂದು ನನ್ನ ಅಂದಾಜು. ಸಾರಿಗೆ ಉಪ್ಪು ಹೆಚ್ಚಾದದ್ದನ್ನು, ಬಾಗಿಲ ಸಂದಿಯ ಧೂಳನ್ನು, ಆಕಾಶದ ಗ್ರಹಗಳನ್ನು ಅವರು ಆ ಒಂದೇ ಬೆರಳಿನಿಂದ ತೋರಿಸುತ್ತಿದ್ದರು. ಮುಖವೂ ಒಂದೇ ರೀತಿ ಇರುತ್ತಿತ್ತು. ಮೂರೂ ನಮ್ಮ ತಪ್ಪಿನಿಂದಲೇ ಆಗಿವೆ ಎಂಬ ಮುಖ.

ಮಕ್ಕಳೇ, ಮಾಳಿಗೆಯ ಮೇಲೆ ಮೂರು ಕೆಂಪು ಗುರುತು, ಮೂರು ಬಿಳಿ ಗುರುತು ಏಕಿವೆ ಎಂದು ಹೋದ ರಜೆಯಲ್ಲಿ ಕೇಳಿದಿರಿ. ನನಗೆ ಬಾಯಿ ಬಿಟ್ಟು ಹೇಳುವುದು ಕಷ್ಟ, ಅದಕ್ಕೆ ಬರೆಯುತ್ತಿದ್ದೇನೆ. ಆ ಮನುಷ್ಯ ನಿಮ್ಮಜ್ಜನ ಅಣ್ಣ, ನನಗೆ ಭಾವ. ನಮ್ಮ ಮನೆತನದಲ್ಲಿ ಭಾವನ ಎದುರು ನಿಂತು ಸೊಸೆಯಂದಿರು ಮಾತಾಡುವಂತಿಲ್ಲ. ಹೇಳುವುದಿದ್ದರೆ ಗೋಡೆಗೋ ಎಮ್ಮೆಗೋ ಹೇಳಬೇಕು, ಅವರು ಕೇಳಿಸಿಕೊಳ್ಳಬೇಕು. ಮದುವೆಯಾಗಿ ಬಂದ ಮೂವತ್ತೈದು ವರ್ಷ ನಾನು ಅವರಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಆಡಬೇಕೆನ್ನಿಸುವಂಥ ಮನುಷ್ಯರೂ ಅವರಲ್ಲ.

ಬಳ್ಳಾರಿಯಲ್ಲಿ ದೊಡ್ಡ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ನಿಮ್ಮಜ್ಜ ತೀರಿಕೊಂಡ ಮರುವರ್ಷ, ಅಲ್ಲಿನ ದೀಪಗಳಿಂದ, ಧೂಳಿನಿಂದ ಚುಕ್ಕಿ ಕಾಣುವುದಿಲ್ಲವೆಂದು ತಮ್ಮ ದುರ್ಬೀನನ್ನು ನಾಲ್ಕು ಪೆಟ್ಟಿಗೆಯಲ್ಲಿ ತುಂಬಿಕೊಂಡು ಕುರುಗೋಡಿನ ನಮ್ಮ ಮನೆಗೆ ಬಂದರು. ಇರಲೇ ಎಂದು ಕೇಳಲಿಲ್ಲ. ನಾನು ಒಣಗಲು ಹಾಕಿದ್ದ ಮೆಣಸಿನಕಾಯಿಯನ್ನು ಕಾಲಿನಿಂದ ಮೂಲೆಗೆ ಸರಿಸಿ, ಮುಕ್ಕಾಲಿ ನಿಲ್ಲಿಸಿ, ಅದರ ಕಾಲುಗಳ ಸುತ್ತ ಕೆಂಪು ಬಣ್ಣದಿಂದ ಗುರುತು ಹಾಕಿದರು.

ಪಕ್ಕದ ಮನೆಯಾಕೆಯನ್ನು ಮೊದಲ ದಿನವೇ ಕರೆದು ನೋಡಲು ಹೇಳಿದರು. ಆಕೆ ಬಗ್ಗಿ ನೋಡಿ, "ಕಂಡ್ತ್ರೀ ಯಪ್ಪಾ, ಎಷ್ಟ್ ಚಂದ!" ಎಂದಳು. ಮೆಟ್ಟಿಲು ಇಳಿಯುವಾಗ ನನ್ನ ಕಿವಿಯಲ್ಲಿ, "ಮುಚ್ಚಳಾನ ತೆಗೆದಿಲ್ಲ ನಿಮ್ಮ ಭಾವ. ಕತ್ತಲಿ ಭಾಳ ಚಂದ ಕಾಣಸ್ತು" ಎಂದು ನಕ್ಕಳು.

ನಾನು ಏನಾದರೂ ನೋಡುತ್ತ ನಿಂತರೆ ಅವರ ಮಾತು ಒಂದೇ: "ನಿಮಗ ತಿಳಿಯಂಗಿಲ್ಲ ಬಿಡಮ್ಮಾ." ಆದರೆ ತಿಳಿಯದವಳ ಮುಂದೆಯೇ ವಿವರಿಸುವ ಚಪಲ. ಹಾಗಾಗಿ ನನಗೆ ತಿಳಿಯಿತು. ಭೂಮಿ ತಿರುಗುವುದರಿಂದ ಚುಕ್ಕಿಗಳು ಸರಿಯುತ್ತವೆ. ದುರ್ಬೀನು ಕುಳಿತ ಪೀಠವನ್ನು ಕಂಪ್ಯೂಟರ್ ಅವುಗಳ ಹಿಂದೆಯೇ ತಿರುಗಿಸುತ್ತದೆ. ದೊಡ್ಡ ದುರ್ಬೀನಿನ ಬೆನ್ನ ಮೇಲೆ ಒಂದು ಚಿಕ್ಕದು ಇರುತ್ತದೆ. ಅದರ ಕ್ಯಾಮೆರಾ ಒಂದೇ ಚುಕ್ಕಿಯ ಮೇಲೆ ಕಣ್ಣಿಟ್ಟು, ಅದು ಕೂದಲೆಳೆಯಷ್ಟು ಜಾರಿದರೂ ಪೀಠವನ್ನು ತಿದ್ದುತ್ತದೆ. ಆಗ ಚಿತ್ರ ಅಲುಗದೆ ಬರುತ್ತದೆ. ಇಷ್ಟೆಲ್ಲ ಆಗಬೇಕಾದರೆ ಪೀಠದ ಅಚ್ಚು ಮೊದಲು ಉತ್ತರದ ಧ್ರುವ ನಕ್ಷತ್ರದ ಕಡೆಗೆ ನೇರವಾಗಿರಬೇಕು.

ಒಂದು ತಿಂಗಳಾದರೂ ಚಿತ್ರ ಬರಲಿಲ್ಲ. ಚುಕ್ಕಿಗಳೆಲ್ಲ ಸಿರುಗುಪ್ಪದ ಸಣ್ಣಕ್ಕಿಯ ಹಾಗೆ ಉದ್ದುದ್ದ. ಮೊದಲು ತಪ್ಪು ನನ್ನ ಹೆಜ್ಜೆಯದಾಯಿತು. ಅವರು ಮಾಳಿಗೆಯಲ್ಲಿರುವಾಗ ಕೆಳಗೆ ರೊಟ್ಟಿ ಬಡಿಯುವಂತಿರಲಿಲ್ಲ. ಸಂಜೆ ಅವಲಕ್ಕಿ ತಿಂದು ಮಲಗಿದ ದಿನಗಳಿವೆ. ಆಮೇಲೆ ತಪ್ಪು ಗಾಳಿಯದು. ಕೊನೆಗೆ ಆ ಬೆರಳು ಹಿತ್ತಲಿನ ಬೇವಿನ ಗಿಡದ ಕಡೆ ತಿರುಗಿತು.

"ಧ್ರುವ ಆ ಗಿಡದ ಹಿಂದ ಐತಿ. ಕಾಣಲಾರದ್ದಕ್ಕ ಅಂದಾಜಿನ ಮ್ಯಾಲೆ ಮಾಡಾಕ ಹತ್ತೀನಿ. ನಾಳೆ ಮುಂಜಾನೆ ಸಿರುಗುಪ್ಪದಿಂದ ಗರಗಸದವ ಬರ್ತಾನ. ಕಡಿಸಿಬಿಡ್ತೀನಿ" ಎಂದರು. ಚಹಾ ಕೊಡಲು ಬಂದಿದ್ದ ನನಗೆ ಹೇಳಿದ್ದಲ್ಲ, ಚಹಾದ ಲೋಟಕ್ಕೆ ಹೇಳಿದ್ದು.

ಆ ಗಿಡವನ್ನು ನಿಮ್ಮಜ್ಜ ನೆಟ್ಟದ್ದು. ಸ್ನಾನ ಮಾಡಿದ ನೀರು ಅದಕ್ಕೇ ಹರಿಯಲೆಂದು ಬಚ್ಚಲ ಕಾಲುವೆಯನ್ನು ತಾವೇ ಕೈಯಾರೆ ತೋಡಿದ್ದರು. ಅವರ ಕೈಯಿಂದಾದ ವಸ್ತುಗಳು ಮನೆಯಲ್ಲಿ ಬಹಳ ಇವೆ. ಇನ್ನೂ ಬೆಳೆಯುತ್ತಿರುವುದು ಅದೊಂದೇ.

ಧ್ರುವ ಆ ಗಿಡದ ಹಿಂದೆ ಇಲ್ಲವೆಂದು ನನಗೆ ಗೊತ್ತಿತ್ತು. ಹಚ್ಚೊಳ್ಳಿಯಲ್ಲಿ ಹುಡುಗಿಯಾಗಿದ್ದಾಗ ಅಪ್ಪನೊಡನೆ ಗದ್ದೆಗೆ ಕಾಲುವೆಯ ನೀರು ಕಟ್ಟಲು ಹೋದವಳು ನಾನು. ಎಲ್ಲ ಚುಕ್ಕಿ ಸರಿದರೂ ಸರಿಯದ ಆ ಮಂಕು ಚುಕ್ಕಿಯನ್ನು ಅಪ್ಪ ತೋರಿಸಿಕೊಟ್ಟಿದ್ದರು. ಕುರುಗೋಡಿಗೆ ಬಂದ ಮೇಲೂ ಸಂಜೆ ಮೆಣಸಿನಕಾಯಿ ರಾಶಿ ಮಾಡುವಾಗ ಅದನ್ನು ನೋಡುತ್ತಿದ್ದೆ. ಗಿಡದಿಂದ ಎಡಕ್ಕೆ ಬಹಳ ದೂರ, ಪಕ್ಕದ ಮನೆಯ ನೀರಿನ ಟ್ಯಾಂಕಿನ ಮಗ್ಗುಲಲ್ಲಿ.

ಅವರ ತಪ್ಪು ಎಲ್ಲಿದೆಯೆಂಬುದೂ ಗೊತ್ತಿತ್ತು. ಮುಂದೆ ಮೇಲೊಂದು ಮನೆ ಕಟ್ಟುವ ಆಸೆಯಿಂದ ನಿಮ್ಮಜ್ಜ ಕಂಬಗಳ ಕಬ್ಬಿಣದ ಸರಳುಗಳನ್ನು ಮಾಳಿಗೆಯ ಮೇಲೆ ಹಾಗೇ ಬಿಟ್ಟಿದ್ದರಲ್ಲ, ಭಾವನವರು ದಿಕ್ಸೂಚಿಯನ್ನು ಆ ಸರಳುಗಳ ನಡುವೆ, ಕಂಬದ ತಲೆಯ ಮೇಲೆ ಇಟ್ಟು ಉತ್ತರ ನೋಡುತ್ತಿದ್ದರು. ಜಾಗ ಸಪಾಟಾಗಿದೆ ಎಂದು. ದಿಕ್ಸೂಚಿಯ ಹತ್ತಿರ ಕುಡುಗೋಲು ಹಿಡಿದರೆ ಮುಳ್ಳು ತಿರುಗುತ್ತದೆಂದು ನಮ್ಮ ಹಳ್ಳಿ ಶಾಲೆಯ ಏಳನೆಯ ತರಗತಿಯಲ್ಲೇ ತೋರಿಸಿದ್ದರು. ಇವರು ದೊಡ್ಡ ಎಂಜಿನಿಯರು.

ಸಂಜೆ ಮೆಣಸಿನಕಾಯಿ ತೆಗೆಯುವ ನೆಪದಲ್ಲಿ ಮೇಲೆ ಹೋದೆ. ಆಗಷ್ಟೇ ಚುಕ್ಕಿ ಮೂಡುತ್ತಿದ್ದವು. ರಾಶಿಯ ಮುಂದೆ ಕುಳಿತು, "ಏ ಮೆಣಸಿನಕಾಯಿ, ಧ್ರುವ ಆ ಗಿಡದ ಹಿಂದ ಇಲ್ಲ ನೋಡು" ಎಂದೆ.

ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ನಿಮಗ ತಿಳಿಯಂಗಿಲ್ಲ ಬಿಡಮ್ಮಾ."

ಎದ್ದು ನಿಂತೆ. ಸೆರಗು ಸರಿಮಾಡಿಕೊಂಡು ಅವರ ಎದುರಿಗೇ ಹೋದೆ.

"ಮೆಣಸಿನಕಾಯಿಗೆ ಅಲ್ರೀ ಭಾವಾರ, ನಿಮಗ ಹೇಳಾಕತ್ತೀನಿ. ಧ್ರುವ ಟ್ಯಾಂಕಿನ ಮಗ್ಗಲಕ ಐತಿ. ಆ ಮುಳ್ಳು ಕಬ್ಬಿಣದ ನಡುವ ಇಟ್ಟೀರಿ, ಅದು ಕಬ್ಬಿಣಾನ ತೋರಸ್ತೈತಿ. ಗಿಡಕ್ಕ ಕೈ ಹಚ್ಚಬ್ಯಾಡ್ರಿ."

ಅವರು ಬೆರಳು ಎತ್ತಿದರು. ಆಮೇಲೆ ಏನನ್ನಿಸಿತೋ, ದಿಕ್ಸೂಚಿಯನ್ನು ತೆಗೆದುಕೊಂಡು ಮಾಳಿಗೆಯ ನಡುವಿಗೆ ನಡೆದರು. ನಡೆಯುತ್ತಿದ್ದ ಹಾಗೆ ಮುಳ್ಳು ಗಿಡವನ್ನು ಬಿಟ್ಟು ಟ್ಯಾಂಕಿನ ಕಡೆ ಹೊರಳಿತು. ಕಂಬದ ಹತ್ತಿರ ಮರಳಿ ಬಂದರು, ಅದೂ ಮರಳಿತು. ಎರಡು ಸಲ ಹೀಗೆ ಓಡಾಡಿದರು. ಅವರ ತೋರುಬೆರಳು ಮುಷ್ಟಿಯೊಳಗೆ ಮಡಚಿಕೊಂಡದ್ದನ್ನು ನಾನು ಕಂಡದ್ದು ಅಂದೇ.

ಮುಕ್ಕಾಲಿಯನ್ನು ಎತ್ತಿ ತಿರುಗಿಸಿದರು. ಚಿಕ್ಕ ದುರ್ಬೀನಿಗೆ ಒಂದು ಚುಕ್ಕಿ ಹಿಡಿಸಿದರು. ಚುಕ್ಕಿ ಎಷ್ಟು ಜಾರಿತೆಂದು ಲ್ಯಾಪ್‌ಟಾಪಿನ ತೆರೆಯ ಮೇಲೆ ತೋರಿಸುತ್ತ ದಿನವೂ ಹಾವಿನ ಹಾಗೆ ಓಡುತ್ತಿದ್ದ ಗೆರೆ ಸ್ವಲ್ಪ ಹೊತ್ತಿನಲ್ಲಿ ನೇರವಾಗಿ ನಿಂತಿತು. ಅವರು ಉಸಿರು ಬಿಟ್ಟು ಫೋನ್ ತೆಗೆದು ಗರಗಸದವನಿಗೆ, "ಬರಬ್ಯಾಡಪ್ಪಾ. ನಾನು ಲೆಕ್ಕಾ ಹಾಕಿ ನೋಡಿದೆ, ಗಿಡದ್ದೇನೂ ತೊಂದ್ರಿ ಇಲ್ಲ" ಎಂದರು. ನಾನು ಅಲ್ಲೇ ನಿಂತಿದ್ದೆ. ನಾಚಿಕೆ ಎಂಬುದು ಅವರ ಯಾವ ಪೆಟ್ಟಿಗೆಯಲ್ಲೂ ಇರಲಿಲ್ಲ. ಕೆಳಗೆ ಹೋಗಿ ಮನೆ ನಡುಗುವ ಹಾಗೆ ರೊಟ್ಟಿ ಬಡಿದೆ.

ಮರುದಿನ ಮುಕ್ಕಾಲಿಯ ಹೊಸ ಜಾಗಕ್ಕೆ ಸುಣ್ಣದಿಂದ ಬಿಳಿ ಗುರುತು ಹಾಕಿದವಳು ನಾನೇ. ಬಳ್ಳಾರಿಯಿಂದ ಯಾರು ಬಂದರೂ ಅವರು ಕೆಂಪು ಗುರುತನ್ನು ತೋರಿಸಿ, "ಇದು ಪ್ರಯೋಗಕ್ಕ ಹಾಕಿದ್ದು" ಎನ್ನುತ್ತಿದ್ದರು. ಸಾಯುವವರೆಗೂ ಹಾಗೇ ಹೇಳಿದರು. ಹೋದ ವರ್ಷ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಬಂತೆಂದು ಬರೆದರೆ ನಿಮಗೆ ಸುಳ್ಳು ಕಲಿಸಿದ ಹಾಗಾಗುತ್ತದೆ.

ಆದರೂ ಒಂದು ಋಣವಿದೆ. ನಿಮ್ಮಜ್ಜ ಒಳ್ಳೆಯವರು, ನಾನು ಬಾಯಿ ತೆರೆಯುವ ಮೊದಲೇ ಅರ್ಥ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ನಾನು ಬಾಯಿ ತೆರೆಯಲೇ ಇಲ್ಲ. ಈ ಮನುಷ್ಯ ಅಷ್ಟು ದೊಡ್ಡ ದಡ್ಡರಾಗಿರದಿದ್ದರೆ, ನಾನು ಮೆಣಸಿನಕಾಯಿಗೆ ಮಾತು ಹೇಳುತ್ತಲೇ ಸಾಯುತ್ತಿದ್ದೆ.

ದುರ್ಬೀನು ಇಲ್ಲೇ ಇದೆ. ಬಂದಾಗ ಮುಕ್ಕಾಲಿಯನ್ನು ಬಿಳಿ ಗುರುತಿನ ಮೇಲೆ ಇಡಿ. ಕೆಂಪನ್ನು ಅಳಿಸಬೇಡಿ. ಯುಗಾದಿಗೆ ಸುಣ್ಣ ಬಳಿಯುವಾಗ ನಾನು ಅದಕ್ಕೂ ಹೊಸ ಬಣ್ಣ ಹಚ್ಚುತ್ತೇನೆ.